ಅಕ್ಕನ ಹಿತ್ತಲಿನ ಕಮಾನು

ಮೊನ್ನೆ ಗಜೇಂದ್ರಗಡಕ್ಕೆ ಹೋದಾಗ ಊಟಕ್ಕೆ ಮೊದಲು ಕೈ ತೊಳೆಯಲೆಂದು ಹಿತ್ತಲಿಗೆ ನಡೆದೆ. ಬಾಗಿಲು ದಾಟಿದ್ದೇ ತಡ, ತೊಯ್ದ ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ಎದುರಿಗೆ ಆ ಕಬ್ಬಿಣದ ಕಮಾನು. ಈ ದಿನಗಳಲ್ಲಿ ಅದರ ತುಂಬ ಹೀರೆಬಳ್ಳಿ ಹಬ್ಬಿರಬೇಕಿತ್ತು. ಆದರೆ ಅಕ್ಕ ತೀರಿಕೊಂಡ ಮೇಲೆ ಬೀಜ ಊರುವವರು ಯಾರೂ ಇಲ್ಲ. ಹಳೆಯ ಬಳ್ಳಿಯ ಒಣ ಎಳೆಗಳು ಅಲ್ಲಲ್ಲಿ ಸುತ್ತಿಕೊಂಡಿದ್ದವು, ಉಳಿದಂತೆ ಅದು ಬರಿಮೈಯಲ್ಲಿ ನಿಂತಿತ್ತು. ಬೆಳಗಿನ ಮಳೆಯ ನೀರು ಇನ್ನೂ ಅದರ ಬೆನ್ನಿನಿಂದ ತೊಟ್ಟಿಕ್ಕುತ್ತಿತ್ತು. ನನ್ನ ಬಲಗೈ ತಾನಾಗಿಯೇ ಎದೆಗೆ ಬಂದು ಅಂಟಿಕೊಂಡಿತು.

ಹಿಂದೆಯೇ ಬಂದ ಅಕ್ಕನ ಮಗ, "ಮಾಮಾ, ಇದನ್ನ ಕಿತ್ತು ಗುಜರಿಗೆ ಹಾಕೂಣು ಅಂತ ಮಾಡೇನಿ. ಅವ್ವ ಇರೂತನಕಾ ಮುಟ್ಟಗೊಡಲಿಲ್ಲ. ಏನಿತ್ತಿದು ಮೊದಲ?" ಎಂದ.

"ಹಳೇ ಜೀಪಿಂದು," ಎಂದಷ್ಟೇ ಹೇಳಿ ಕೈ ತೊಳೆದುಕೊಂಡೆ. ಅವನಿಗೆ ಗೊತ್ತಿಲ್ಲ. ಹೇಳಬೇಕಾಗಿದ್ದವನು ಅವನ ಅಪ್ಪ, ಹೇಳಲಿಲ್ಲ. ಅವನಪ್ಪನೆಂದರೆ ನನ್ನ ಭಾವ. ಆ ಹೊತ್ತಿನ ಊಟದಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತು, ಬಿಸಿ ರೊಟ್ಟಿ ಇತ್ತು, ಯಾವುದೂ ರುಚಿ ಹತ್ತಲಿಲ್ಲ.

ಭಾವನನ್ನು ಬದುಕಿದ್ದಷ್ಟು ಕಾಲ 'ರಿ' ಹಚ್ಚಿ ಮಾತನಾಡಿಸಿದ್ದೇನೆ. ಈಗ ಬರೆಯಲು ಕೂತರೆ ಏಕವಚನವೇ ಬರುತ್ತಿದೆ. ಬರಲಿ, ತಡೆಯುವುದಿಲ್ಲ.

ನಮ್ಮದು ಯಾವಗಲ್ಲು. ಅಪ್ಪ ಬೇಗ ತೀರಿಕೊಂಡ. ನನಗೆ ಅಪ್ಪನ ಮುಖಕ್ಕಿಂತ ಭಾವನ ಮುಖವೇ ಚೆನ್ನಾಗಿ ನೆನಪಿದೆ. ಎತ್ತರದ ಆಳು, ತಲೆಗೆ ಜರಿಯಂಚಿನ ರುಮಾಲು, ಮೈಗೆ ಸದಾ ಹತ್ತಿಯ ಧೂಳಿನ ವಾಸನೆ. ಗಜೇಂದ್ರಗಡದ ಪೇಟೆಯಲ್ಲಿ ಹತ್ತಿ ವ್ಯಾಪಾರ. ಅಕ್ಕನನ್ನು ಮದುವೆಯಾದ ಮೇಲೆ ನನ್ನನ್ನೂ ಕರೆದುಕೊಂಡು ಹೋಗಿ ತನ್ನ ಮನೆಯಲ್ಲಿಟ್ಟುಕೊಂಡ. ಗರಡಿಗೆ ಕಳಿಸಿದ, ಹಾಲು ಬಾದಾಮಿ ಕುಡಿಸಿದ, 'ಪೈಲವಾನ' ಎಂದು ಹೆಸರಿಟ್ಟ. ಮೀಸೆ ಬಲಿತ ಮೇಲೆ ಜೀಪು ಓಡಿಸಲು ಕಲಿಸಿದ. ಗೇರು ಬದಲಿಸುವಾಗ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, "ಮೆತ್ತಗ, ಮೆತ್ತಗ. ಇದು ಎಮ್ಮಿ ಅಲ್ಲ," ಎನ್ನುತ್ತಿದ್ದ. ಅಂಥವನು ತಲೆಯ ಮೇಲೆ ಕಲ್ಲು ಹಾಕಿಕೋ ಎಂದಿದ್ದರೂ ಹಾಕಿಕೊಳ್ಳುತ್ತಿದ್ದೆನೇನೋ. ಅಷ್ಟು ನಂಬಿದ್ದೆ.

ಅವನ ಮನೆತನ ಓಟದ ಎತ್ತುಗಳಿಗೆ ಹೆಸರಾದದ್ದು. ಅವನಪ್ಪನ ಕಾಲದಲ್ಲಿ ಓಟದ ಗಾಡಿಯ ಕಟ್ಟಿಗೆಯನ್ನು ಕೆತ್ತಿ ಕೆತ್ತಿ ಕೋಲಿನಷ್ಟು ಮಾಡುತ್ತಿದ್ದರಂತೆ. ಓಟದ ದಿನ ಗಾಡಿ ಹೊಡೆಯುವವನ ಸೊಂಟದ ಬೆಳ್ಳಿಯ ಉಡಿದಾರವನ್ನೂ ಬಿಚ್ಚಿಸುತ್ತಿದ್ದರಂತೆ, ಅದರ ತೂಕವೂ ಎತ್ತಿನ ಮೇಲೆ ಬೀಳಬಾರದೆಂದು. ಭಾವ ಎತ್ತು ಬಿಟ್ಟು ಜೀಪಿಗೆ ಬಂದರೂ ಆ ಲೆಕ್ಕ ಮಾತ್ರ ಬಿಡಲಿಲ್ಲ. ಹಗುರ ಇದ್ದದ್ದು ಗೆಲ್ಲುತ್ತದೆ, ಅಷ್ಟೇ ಅವನ ಶಾಸ್ತ್ರ.

ಆಗ ಎರಡನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಮಿಲಿಟರಿಯವರು ಬಿಟ್ಟ ಜೀಪುಗಳು ಹರಾಜಿನಲ್ಲಿ ಸಿಗುತ್ತಿದ್ದವು. ನಮ್ಮ ಭಾವ ಒಂದು ತಂದ, ರೋಣದ ಸಾಹುಕಾರನೊಬ್ಬ ಒಂದು ತಂದ, ನರಗುಂದದ ವಕೀಲರೊಬ್ಬರು ಇನ್ನೊಂದು ತಂದರು. ಮೂರೂರಿನಲ್ಲಿ ಮೂರು ಜೀಪು ಎಂದ ಮೇಲೆ ಯಾವುದು ಜೋರು ಎಂಬ ಮಾತು ಬಂದೇ ಬರುತ್ತದೆ. ಹೋಳಿ ಹುಣ್ಣಿಮೆ ಕಳೆದು ಸೂಡಿಯ ಹತ್ತಿರದ ಕೆರೆಯಂಗಳ ಒಣಗಿದ ಮೇಲೆ ಅಲ್ಲಿ ಸುಣ್ಣದ ಗೆರೆ ಎಳೆದು, ಜಾಲಿಮುಳ್ಳು ಒಟ್ಟಿ, ಸುತ್ತುದಾರಿ ಮಾಡಿದರು. ಓಟ ಪ್ರದಕ್ಷಿಣೆಯ ಕಡೆಗೇ, ಎಡಸುತ್ತು ಅಪಶಕುನ ಎಂದು. ಗೆದ್ದ ಜೀಪಿಗೆ ಎತ್ತಿಗೆ ಕೊಡುವಂತೆಯೇ ಬೆಳ್ಳಿಯ ಕಡಗ. ಅದನ್ನು ಮುಂದಿನ ಬಂಪರಿಗೆ ಕಟ್ಟಿ, ಬಾನೆಟ್ಟಿಗೆ ಗುಲಾಲು ಹಚ್ಚಿ, ಪೇಟೆಯಲ್ಲಿ ಮೆರೆಸುತ್ತಿದ್ದರು. ಜನ ಜೀಪಿಗೆ 'ಹೋರಿ' ಎಂದೇ ಅನ್ನುತ್ತಿದ್ದರು. ಗಜೇಂದ್ರಗಡದ ಹೋರಿ ಬಂತು, ರೋಣದ ಹೋರಿ ಬಂತು…

ಅದರಲ್ಲಿ ನನಗೂ ಒಂದು ಕೆಲಸವಿತ್ತು. ಆ ಜೀಪಿನಲ್ಲಿ ಓಡಿಸುವವನು ಎಡಕ್ಕೆ ಕೂಡುವುದು. ನಾನು ಬಲಕ್ಕೆ. ತಿರುವು ಬಂದಾಗ ಬಲಕ್ಕೆ ಹೊರಗೆ ವಾಲಿ ನನ್ನ ಮೈಭಾರವನ್ನೆಲ್ಲ ಆ ಕಡೆ ಹಾಕಬೇಕು, ಒಳಗಾಲಿ ನೆಲ ಬಿಡದಂತೆ. ಗರಡಿಯಲ್ಲಿ ಬೆಳೆಸಿದ ಮೈ ಹೀಗೆ ಉಪಯೋಗಕ್ಕೆ ಬಂತೆಂದು ಭಾವ ನಗುತ್ತಿದ್ದ. ನನಗೂ ಅದು ಹೆಮ್ಮೆಯೇ.

ಎರಡನೆಯ ವರ್ಷದ ಓಟದಲ್ಲಿ ನರಗುಂದದ ಜೀಪು ಮಗುಚಿತು. ವಕೀಲರ ಡ್ರೈವರ್ ಸ್ಟೇರಿಂಗಿಗೂ ನೆಲಕ್ಕೂ ನಡುವೆ ಸಿಕ್ಕು ಅಲ್ಲಿಯೇ ಸತ್ತ. ಮೇಲೆ ಬರಿ ಕ್ಯಾನ್ವಾಸಿನ ಬಟ್ಟೆ, ಅದು ಏನು ತಡೆದೀತು. ನಾವು ಮನೆಗೆ ಬಂದು ಈ ಸುದ್ದಿ ಹೇಳಿದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಮರುದಿನ ಭಾವನ ಮುಂದೆ ನಿಂತು ಕೇಳಿದ್ದು ಬಂಡಿಯ ಮಾತು.

ನಾವು ಸಣ್ಣವರಿದ್ದಾಗ ಯಾವಗಲ್ಲಿನ ಹಳ್ಳದಲ್ಲಿ ನಮ್ಮ ಕೊಲ್ಲಾರಿ ಬಂಡಿ ಮಗುಚಿ ಬಿದ್ದಿತ್ತು. ಮೇಲೆ ಬಿದಿರಿನ ಕಮಾನು ಕಟ್ಟಿ ಚಾಪೆ ಹೊದಿಸಿದ ಬಂಡಿ ಅದು, ಹೆಂಗಸರು ಮಕ್ಕಳು ಕೂಡುವಂಥದು. ಅವ್ವ, ಅಕ್ಕ, ನಾನು, ಮೂವರೂ ಒಳಗೇ ಇದ್ದೆವು. ಕಮಾನು ನೆಲಕ್ಕೆ ಊರಿ ನಿಂತಿದ್ದರಿಂದ ಯಾರಿಗೂ ತರಚುಗಾಯ ಕೂಡ ಆಗಲಿಲ್ಲ. ಅಕ್ಕನಿಗೆ ಅದು ನೆನಪಿತ್ತು.

"ಬಂಡಿಗೆ ಬಿದಿರಿಂದು ಹಾಕತೀರಿ. ಜೀಪಿಗೆ ಕಬ್ಬಿಣದ್ದು ಹಾಕಸ್ರಿ," ಎಂದಳು ಅಕ್ಕ. "ಅದಿಲ್ದ ನೀವೂ ಹೋಗಬ್ಯಾಡ್ರಿ, ನನ್ನ ತಮ್ಮನ್ನೂ ಒಯ್ಯಬ್ಯಾಡ್ರಿ."

ಭಾವ ನಗೆಯಾಡಲು ನೋಡಿದ. ಅಕ್ಕ ನಗಲಿಲ್ಲ. ಕೊನೆಗೆ ಅವಳ ಕೈಮೇಲೆ ಕೈಯಿಟ್ಟು, "ಆತು. ಕಬ್ಬಿಣದ ಕಮಾನ ಇಲ್ಲದ ಜೀಪಿನ್ಯಾಗ ನಿನ್ನ ತಮ್ಮನ್ನ ಕುಂದ್ರಸೂದಿಲ್ಲ. ನಿನ್ನಾಣಿ," ಎಂದ. ನಾನು ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದೆ. ಆ ಆಣೆ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಕಮಾನು ಮಾಡಿದವನು ಹತ್ತಿ ಗಿರಣಿಯ ಫಿಟ್ಟರ್. ಬಾಯಿಬಡುಕ ಮನುಷ್ಯ, ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವವನು. ಗಿರಣಿಯ ಹಳೆಯ ದಪ್ಪ ಕೊಳವೆಯೊಂದನ್ನು ತಂದು, ಒಳಗೆ ಒಣಮರಳು ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು, ಕೆಂಪಗೆ ಕಾಸಿ, ಬೇವಿನ ಮರದ ಬೊಡ್ಡೆಗೆ ಒತ್ತಿ ಬಗ್ಗಿಸಿದ. ಮರಳು ತುಂಬದಿದ್ದರೆ ಬಾಗಿದ ಕಡೆ ಕೊಳವೆ ಚಪ್ಪಟೆಯಾಗುತ್ತದಂತೆ. ನನ್ನನ್ನು ಸೀಟಿನಲ್ಲಿ ಕೂರಿಸಿ, ತಲೆಯ ಮೇಲೆ ಗೇಣು ಹಾಕಿ ಎತ್ತರ ಹಿಡಿದ. ಹಿಂದಿನಿಂದ ಆಸರೆಗೆ ಎರಡು ಕಾಲು. ನಾಲ್ಕೂ ಕಾಲಿಗೆ ದಪ್ಪ ತಗಡು ಬೆಸೆದು, ಜೀಪಿನ ಅಡಿಗಟ್ಟಿಗೆ ಬೋಲ್ಟು ಬಿಗಿದ.

"ಕಮಾನ ಅಂದ್ರ ಅರ್ಧ ಕೆಲಸರಿ," ಎಂದ ಫಿಟ್ಟರ್, ಎಲೆ ಅಡಿಕೆ ಜಗಿಯುತ್ತ. "ಉಳದ ಅರ್ಧ ಸೊಂಟಕ್ಕ ಕಟ್ಟೂದು. ಮಗಚಿದಾಗ ಒಳಗ ಇದ್ರ ಬದಕತೀರಿ, ಹೊರಗ ಬಿದ್ರ ಇಲ್ಲ. ಹಾರಬ್ಯಾಡ್ರಿ."

ಅದಕ್ಕೆ ಅಕ್ಕ ಮಂಚಕ್ಕೆ ಹೆಣೆಯುವ ನವಾರದ ಪಟ್ಟಿ ಕೊಟ್ಟಳು. ಎರಡು ಸೀಟಿಗೂ ಒಂದೊಂದು. ಆಮೇಲೆ ಗಿರಣಿಯ ಅಂಗಳದಲ್ಲಿ ಪರೀಕ್ಷೆಯೂ ಆಯಿತು. ನನ್ನ ಸೀಟಿಗೆ ಮಜ್ಜಿಗೆ ತುಂಬಿದ ಗಡಿಗೆಯೊಂದನ್ನು ನವಾರದಿಂದ ಬಿಗಿದು, ಹಮಾಲರೆಲ್ಲ ಸೇರಿ ಜೀಪನ್ನು ಪಕ್ಕಕ್ಕೆ ಎತ್ತಿ ಬುಡಮೇಲು ಕೆಡವಿದರು. ಧೂಳು ಎದ್ದಿತು, ಇಷ್ಟಗಲ ಮಜ್ಜಿಗೆ ಚೆಲ್ಲಿತು. ಗಡಿಗೆ ಒಡೆಯಲಿಲ್ಲ. ತಲೆಕೆಳಗಾಗಿ ನೇತಾಡುತ್ತಿದ್ದ ಆ ಗಡಿಗೆಯನ್ನು ತೋರಿಸಿ ಭಾವ, "ನೋಡೋ, ಪೈಲವಾನ ಹ್ಯಾಂಗ ಜೋತಾಡತಾನ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಕ್ಕೆವು. ಅವನಿಗೆ ಗೊತ್ತಿಲ್ಲದೆ ಆದದ್ದು ಎಂದು ಯಾರಾದರೂ ಹೇಳಿದರೆ ನನಗೆ ಆ ಗಡಿಗೆ ನೆನಪಾಗುತ್ತದೆ. ಅವನು ಕಣ್ಣಾರೆ ನೋಡಿದ್ದ.

ಅಕ್ಕ ಆ ಕಮಾನಿಗೆ ಗವಸು ಹೊಲಿದಳು. ಎತ್ತಿನ ಕೊಂಬಿಗೆ ಹಾಕುವುದಿಲ್ಲವೇ, ಹಾಗೆ. ತನ್ನ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಕೆಂಪು ಖಣಗಳನ್ನು ಜೋಡಿಸಿ, ಕನ್ನಡಿ ಬಿಲ್ಲೆ ಹಚ್ಚಿ, ತುದಿಗೆ ಗೊಂಡೆ ಬಿಟ್ಟು. ನನ್ನ ತಲೆ ಬಡಿಯಬಾರದೆಂದು ಒಳಗೆ ಹತ್ತಿ ತುಂಬಿದಳು. ಮುಟ್ಟಿದರೆ ಹಾಸಿಗೆಯಷ್ಟು ಮೆತ್ತಗೆ, ಒಳಗೆ ಕಬ್ಬಿಣವಿದೆ ಎಂದು ತಿಳಿಯುತ್ತಲೇ ಇರಲಿಲ್ಲ.

ಓಟಕ್ಕೆ ಕೆಲವು ದಿನ ಮೊದಲು ಕೆರೆಯಂಗಳದಲ್ಲಿ ಸುಮ್ಮನೆ ಓಡಿಸಿ ನೋಡಲು ಹೋದೆವು. ರೋಣದವರೂ ಬಂದಿದ್ದರು. ಅವರ ಜೀಪು ನಮ್ಮದನ್ನು ಹಿಂದೆ ಹಾಕಿತು. ಹೋಗುವಾಗ ಆ ಸಾಹುಕಾರ ಜೀಪು ನಿಲ್ಲಿಸಿ, "ಏನ್ರಿ, ಗಿಳಿ ಪಂಜರದಾಗ ಕುಂತದ. ಹಾರೂದ ಮರತೈತಿ," ಎಂದ. ಅವನ ಜನರೆಲ್ಲ ನಕ್ಕರು. ಭಾವನೂ ನಕ್ಕ. ಆದರೆ ಮನೆ ಹತ್ತಿರ ಬಂದಾಗ, "ಭಾಳ ಭಾರ ಆಗೇತಿ," ಎಂದ. ನಾನು ನನ್ನನ್ನೇ ಅಂದನೆಂದು ತಿಳಿದು, ಅಂದಿನಿಂದ ರಾತ್ರಿ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿದೆ. ಈಗ ನೆನೆದರೆ ನಗು ಬರುತ್ತದೆ, ಆಮೇಲೆ ನಗು ನಿಂತುಹೋಗುತ್ತದೆ…

ಓಟದ ದಿನ ಬೆಳಿಗ್ಗೆ ಭಾವ ಒಬ್ಬನೇ ಹತ್ತಿಯ ಗೋದಾಮಿಗೆ ಹೋಗಿ, ಅಲ್ಲಿ ನಿಲ್ಲಿಸಿದ್ದ ಜೀಪನ್ನು ಮನೆ ಮುಂದೆ ತಂದ. ಕೆಂಪು ಗವಸು ಬಿಸಿಲಿಗೆ ಮಿಂಚುತ್ತಿತ್ತು. ಅಕ್ಕ ಜೀಪಿಗೆ ಆರತಿ ಬೆಳಗಿದಳು, ಗಾಲಿಗೆ ನೀರು ಹಾಕಿದಳು, ಕಮಾನಿನ ಗೊಂಡೆ ಸಿಕ್ಕಾಗಿದ್ದನ್ನು ಬಿಡಿಸಿ ಸರಿಮಾಡಿದಳು. ಅವಳ ಮುಖದಲ್ಲಿ ಅಂದು ಅಂಜಿಕೆ ಇರಲಿಲ್ಲ. ತಾನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೇನೆ ಎಂಬ ಸಮಾಧಾನವಿತ್ತು. ಆ ಸಮಾಧಾನವನ್ನು ಭಾವ ಎದುರಿಗೇ ನಿಂತು ನೋಡಿದ. ನೋಡಿ, ಅವಳ ಕೈಯಿಂದ ಕುಂಕುಮ ಹಚ್ಚಿಸಿಕೊಂಡ.

ಗೆರೆಯ ಮೇಲೆ ಜೀಪು ನಿಂತಾಗ ನಾನು ನವಾರವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ. ಭಾವನ ಪಟ್ಟಿ ಅವನ ಸೀಟಿನ ಕೆಳಗೆ ನೇತಾಡುತ್ತಿತ್ತು.

"ಭಾವಾ, ಕಟ್ಟಿಕೊಳ್ರಿ," ಎಂದೆ.

"ನನಗ ಹೊಟ್ಟಿ ಬಿಗಿತೈತಿ. ನೀ ಕಟ್ಟಿಕೊಂಡಿಯಲ್ಲ, ಸಾಕು," ಎಂದ. ಹೇಳಿ, ಕೈಚಾಚಿ ನನ್ನ ಗಂಟನ್ನು ಎಳೆದು ನೋಡಿದ. ಗಟ್ಟಿ ಇತ್ತು. ಬೆನ್ನು ತಟ್ಟಿ ಮುಂದೆ ತಿರುಗಿದ.

ಆ ತಟ್ಟಿದ ಕೈಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಬಿಚ್ಚು ಎಂದು ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದೆ. ಯಾಕೆ ಎಂದು ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಹೇಳಿದ್ದರೆ ನಾನು ಇಳಿಯುತ್ತಿದ್ದೆ, ತಿರುವಿನಲ್ಲಿ ವಾಲಲು ಆಳಿಲ್ಲದೆ ಓಟ ಹೋಗುತ್ತಿತ್ತು. ಇಷ್ಟೇ ಲೆಕ್ಕ. ಬೇಡದ ಭಾರವನ್ನು ಅವನು ಬೆಳಿಗ್ಗೆಯೇ ಇಳಿಸಿ ಬಂದಿದ್ದ. ನಾನು ಬೇಕಾದ ಭಾರ.

ಮೊದಲ ಸುತ್ತುಗಳಲ್ಲಿ ನಾವೇ ಮುಂದಿದ್ದೆವು. ಜೀಪು ನಿಜವಾಗಿಯೂ ಹಗುರಾಗಿ ಹಾರುತ್ತಿತ್ತು. ಗಜೇಂದ್ರಗಡದ ಜನ ರುಮಾಲು ಬೀಸುತ್ತಿದ್ದರು, ನನಗೆ ಖುಷಿಯೋ ಖುಷಿ. ಕೊನೆಯ ತಿರುವಿನಲ್ಲಿ ರೋಣದ ಜೀಪು ಬಲಗಡೆಯಿಂದ ಒಳನುಗ್ಗಿತು. ಭಾವ ತಪ್ಪಿಸಲೆಂದು ಸ್ಟೇರಿಂಗನ್ನು ಒಮ್ಮೆಲೇ ಎಡಕ್ಕೆ ಎಳೆದ. ನಾನು ಬಲಕ್ಕೆ ವಾಲಿದ್ದವನು ವಾಲಿಕೊಂಡೇ ಇದ್ದೆ. ಎರೆಮಣ್ಣಿನ ಬಿರುಕಿಗೆ ಗಾಲಿ ಸಿಕ್ಕಿ ಜೀಪು ನನ್ನ ಕಡೆಗೆ ಮಗುಚತೊಡಗಿತು. ಹಾರಬ್ಯಾಡ್ರಿ ಎಂದಿದ್ದ ಫಿಟ್ಟರನ ಮಾತು ನೆನಪಾಯಿತು. ಕಮಾನು ಹಿಡಿದುಕೊಂಡು ಗಟ್ಟಿಯಾಗಿ ಕೂತೆ. ಪಕ್ಕದ ಸೀಟು ಬರಿದಾದದ್ದು ಕಂಡಿತು. ಆಮೇಲೆ ಜೋಳದ ದಂಟು ಮುರಿದಂತೆ ಸದ್ದು, ಬಾಯಿತುಂಬ ಮಣ್ಣು… ಅಷ್ಟೇ.

ಜೀಪು ಎತ್ತಿ ನನ್ನನ್ನು ಹೊರಗೆಳೆಯಲು ನವಾರ ಕೊಯ್ಯಬೇಕಾಯಿತಂತೆ. ಭಾವ ಅತ್ತ ಹಾರಿ ಬಿದ್ದವನು ಎದ್ದು ನಿಂತಿದ್ದನಂತೆ, ತಲೆಯ ರುಮಾಲು ಕೂಡ ಜಾರಿರಲಿಲ್ಲವಂತೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮಳೆಗಾಲದವರೆಗೂ ಮಲಗಿದ್ದೆ. ಬಲಭುಜದ ಎಲುಬು ಪುಡಿಯಾಗಿತ್ತು. ಕೈ ಉಳಿಯಿತು, ಮೇಲಕ್ಕೆ ಏಳುವುದು ನಿಂತಿತು. ಗರಡಿ ಅಲ್ಲಿಗೆ ಮುಗಿಯಿತು. ಇವತ್ತಿಗೂ ನನ್ನ ರುಮಾಲನ್ನು ನಾನು ಸುತ್ತಿಕೊಳ್ಳಲಾರೆ, ಹೆಂಡತಿ ಸುತ್ತಬೇಕು.

ಆ ದಿನಗಳಲ್ಲಿ ಭಾವ ನನ್ನ ಮಂಚ ಬಿಟ್ಟು ಕದಲಲಿಲ್ಲ. ಇದನ್ನು ಬರೆಯದಿದ್ದರೆ ನಾನೂ ಸುಳ್ಳನಾಗುತ್ತೇನೆ. ಮೈ ಒರೆಸಿದ, ತುತ್ತು ಮಾಡಿ ಉಣಿಸಿದ, ಯಾರೂ ಇಲ್ಲದಾಗ ಗೋಡೆಗೆ ಮುಖ ಮಾಡಿ ಅತ್ತ. "ಕಬ್ಬಿಣ ಕೈಕೊಟ್ತು ತಮ್ಮಾ," ಎಂದ. "ಆ ಫಿಟ್ಟರ್ ಬೆಸಗಿ ಬರೋಬ್ಬರಿ ಹಾಕಿದ್ದಿಲ್ಲ." ಆ ಅಳು ಖರೆ. ಆ ಮಾತು ಸುಳ್ಳು. ಎರಡೂ ಒಂದೇ ಬಾಯಿಂದ ಬಂದವು. ನಾನು ಆ ತುತ್ತುಗಳನ್ನು ನುಂಗಿದೆ, ಮಾತನ್ನೂ ನುಂಗಿದೆ.

ಒಂದು ದಿನ ಫಿಟ್ಟರ್ ದವಾಖಾನೆಗೆ ಬಂದ. ಬಾಯಿಬಡುಕನ ಬಾಯಿ ಕಟ್ಟಿಹೋಗಿತ್ತು. ಭಾವ ಹೊರಗೆ ಹೋದದ್ದನ್ನು ನೋಡಿ ಹತ್ತಿರ ಬಂದು, "ಎಲ್ಲಿ ಮುರೀತ್ರಿ? ಬೆಸಗಿ ಹಂತೇಕೋ, ಬಾಗಿದಲ್ಲೋ? ಆ ತುಂಡು ಒಮ್ಮಿ ತೋರಸ್ರಿ ಸಾಕು," ಎಂದ. ನನಗೆ ಏನು ಗೊತ್ತು. ಭಾವ ಬಂದ ಮೇಲೆ ಕೇಳಿದೆ. "ಗುಜರಿಯವಗ ಕೊಟ್ಟೆ. ಕಣ್ಣಮುಂದ ಇಟ್ಟುಕೊಂಡು ಏನ ಮಾಡೂದು ಅದನ್ನ," ಎಂದ, ಕಿತ್ತಳೆ ಸುಲಿಯುತ್ತ. ಫಿಟ್ಟರನನ್ನು ಗಿರಣಿಯವರು ತೆಗೆದುಹಾಕಿದರು. ಅವನು ಮುಟ್ಟಿದ ಕಬ್ಬಿಣವನ್ನು ಯಾರೂ ನಂಬದಂತಾಯಿತು. ಹೆಂಡತಿ ಮಕ್ಕಳನ್ನೂ ಪಾತ್ರೆ ಪಗಡವನ್ನೂ ಗಾಡಿಯಲ್ಲಿ ಹೇರಿಕೊಂಡು ಪುರ್ತಗೇರಿಯ ದಾರಿ ಹಿಡಿದದ್ದನ್ನು ಅಕ್ಕ ನೋಡಿದಳಂತೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋದನೋ…

ನಾನು ಗಜೇಂದ್ರಗಡಕ್ಕೆ ಮರಳಿದ ಮೇಲೆ ನೆಲದ ಹಾಸಿಗೆಯಲ್ಲಿ ಭುಜ ನೋಯುತ್ತಿತ್ತು. ದಪ್ಪನೆಯ ಗಾದಿ ಹೊಲಿಯುತ್ತೇನೆಂದು ಅಕ್ಕ ಹತ್ತಿ ತರಲು ತಾನೇ ಗೋದಾಮಿಗೆ ಹೋದಳು. ಹಂಗಾಮು ಮುಗಿದು ಹತ್ತಿಯ ಅಂಡಿಗೆಗಳೆಲ್ಲ ಹೋಗಿದ್ದವು. ಗೋಡೆಯ ಮೂಲೆಯಲ್ಲಿ ಗೋಣಿತಟ್ಟು ಹೊದ್ದುಕೊಂಡು ಕಮಾನು ನಿಂತಿತ್ತು. ಇಡಿಯಾಗಿ. ನಾಲ್ಕೂ ಕಾಲು, ತಗಡು, ಬೋಲ್ಟಿನ ತೂತು ಸಮೇತ.

ಅಕ್ಕ ಕೂಗಾಡಲಿಲ್ಲ. ಇಬ್ಬರು ಹಮಾಲರನ್ನು ಕರೆದು ಅದನ್ನು ಹೊರಿಸಿಕೊಂಡು ಪೇಟೆಯ ನಡುವಿನಿಂದಲೇ ಮನೆಗೆ ತಂದಳು. ಹಿತ್ತಲಲ್ಲಿ, ಅಡುಗೆಮನೆಯ ಬಾಗಿಲಿಗೆ ನೇರವಾಗಿ, ಗುಂಡಿ ತೋಡಿಸಿ ನಿಲ್ಲಿಸಿದಳು. ನಾನು ಹೊರಗೆ ಬಂದಾಗ ನನ್ನ ಎಡಗೈ ಹಿಡಿದು ಅದರ ಮೇಲೆ ಇಟ್ಟು, "ನೋಡು, ಎಲ್ಲಿ ಮುರದೈತಿ ನೋಡು," ಎಂದಳು. ನಾನು ಕಾಲಿನಿಂದ ಕಾಲಿನವರೆಗೆ ಕೈಯಾಡಿಸಿದೆ. ಎಲ್ಲೂ ಒಂದು ಗೀರು ಇರಲಿಲ್ಲ. ಅಲ್ಲಿಯೇ ನೆಲಕ್ಕೆ ಕೂತೆ.

ಮಧ್ಯಾಹ್ನ ಭಾವ ಊಟಕ್ಕೆ ಬಂದ. ಮಣೆಯ ಮೇಲೆ ಕೂತು ತಲೆಯೆತ್ತಿದರೆ ಎದುರಿಗೇ ಬಾಗಿಲು, ಬಾಗಿಲಾಚೆ ಕಮಾನು. ಅವನ ಕೈ ತಾಟಿನಲ್ಲಿಯೇ ನಿಂತಿತು. ನಾನು ಕಂಬದ ಬಳಿ ಕೂತಿದ್ದೆ. ಅಕ್ಕ ಪಲ್ಯ ಬಡಿಸುತ್ತಲೇ ಕೇಳಿದಳು, "ನನ್ನ ಗವಸಿನೊಳಗ ಏನ ತುಂಬಿದ್ರಿ?"

ಭಾವ ಹಿಡಿದಿದ್ದ ತುತ್ತನ್ನು ತಾಟಿಗೆ ಬಿಟ್ಟ.

"ಕೊಲ್ಲಾರಿ ಬಂಡಿ ಬಿದಿರು," ಎಂದ ಭಾವ. "ಕಬ್ಬಿಣ ಭಾರ ಆಗಿತ್ತು. ನೀವು ಸಣ್ಣವರಿದ್ದಾಗ ಬಿದಿರಿನ ಕಮಾನ ಒಳಗ ಉಳದಿದ್ದಿರಿ… ನೀನ ಹೇಳಿದ್ದಿ."

"ಅದು ಎತ್ತು ನಡಿಯೂ ಬಂಡಿ," ಎಂದಳು ಅಕ್ಕ. "ಬಿದಿರು ಸಾಕು ಅಂತ ನಿಮಗ ಖರೇನ ಅನಿಸಿದ್ರ, ನೀವ್ಯಾಕ ನವಾರ ಕಟ್ಟಿಕೊಳ್ಳಲಿಲ್ಲ?"

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಕೆರೆಯಂಗಳದಲ್ಲಿ ಅವನು ಎಳೆದು ನೋಡಿದ ಗಂಟು ಆಗ ಮತ್ತೊಮ್ಮೆ ನನ್ನ ಹೊಟ್ಟೆಯನ್ನು ಬಿಗಿಯಿತು. ಭಾವ ತಾಟಿಗೆ ಕೈಮುಗಿದು ಎದ್ದು ಹೋದ.

ಊರಿನವರಿಗೆ ನಿಜ ಹೇಳಿ, ಫಿಟ್ಟರನನ್ನು ಹುಡುಕಿಸಿ ಕರೆಸಿ ಎಂದು ಅಕ್ಕ ಹೇಳಿದಳು, ನಾನೂ ಹೇಳಿದೆ. ಹೇಳುತ್ತೇನೆ ಎಂದ ಭಾವ. ಜೀಪು ಮಾರಿದ, ಓಟ ಬಿಟ್ಟ, ಹೇಳಲಿಲ್ಲ. ನಾನು ಪೇಟೆಯಲ್ಲಿ ಒಂದಿಬ್ಬರ ಮುಂದೆ ಬಾಯಿಬಿಟ್ಟಾಗ, ಹಿತ್ತಲಿನದು ಬೇರೆ ಕಮಾನಿರಬೇಕು, ಪೆಟ್ಟು ತಲೆಗೂ ಬಿದ್ದಿರಬೇಕು ಎಂದು ಕನಿಕರದಿಂದ ನೋಡಿದರು. ಅಂದು ಕೆರೆಯಂಗಳದಲ್ಲಿ ಮುರಿದದ್ದು ಬಿದಿರೆಂದು ಕಂಡವರು ಇದ್ದೇ ಇದ್ದರು. ಆ ಗವಸನ್ನೂ ಚೂರುಗಳನ್ನೂ ಗೋಣಿಯಲ್ಲಿ ಕಟ್ಟಿದವರು ಅವನ ಹಮಾಲರೇ. ದಿನಾ ಅನ್ನ ಕೊಡುವವನ ಬಿದಿರನ್ನು ಕಬ್ಬಿಣ ಎನ್ನಲು ಅವರಿಗೇನು ಕಷ್ಟ. ನಾನು ಯಾವಗಲ್ಲಿಗೆ ಮರಳಿದೆ. ಅಕ್ಕ ಎಲ್ಲಿಗೆ ಹೋಗಬೇಕಿತ್ತು? ಭಾವನ ಮನೆಯಲ್ಲಿಯೇ ಉಳಿದಳು.

ಆದರೆ ಅಡುಗೆಮನೆಯ ಹಿಂಬಾಗಿಲನ್ನು ಅವನು ಉಣ್ಣುವಾಗ ಅವಳು ಎಂದೂ ಮುಚ್ಚಲಿಲ್ಲ. ಮಳೆಗಾಲದಲ್ಲಿ ಹೀರೆಬಳ್ಳಿ ಹಬ್ಬಿಸುತ್ತಿದ್ದಳು. ಕಾಯಿ ಮುಗಿದ ಮೇಲೆ ಒಣಬಳ್ಳಿಯನ್ನು ಒಂದು ಎಳೆಯೂ ಉಳಿಯದಂತೆ ಬಿಡಿಸಿ, ಕಬ್ಬಿಣವನ್ನು ಒರೆಸಿ ಬಿಡುತ್ತಿದ್ದಳು. ನಾನು ಹೋದಾಗಲೆಲ್ಲ ಅದೇ. ಅವನು ತಲೆತಗ್ಗಿಸಿ ಉಣ್ಣುವುದನ್ನು ಕಲಿತಿದ್ದ.

ಕೊನೆಗಾಲದಲ್ಲಿ ಭಾವನಿಗೆ ಕಾಲು ಸೋತವು. ಒಮ್ಮೆ ನಾನು ಹೋದಾಗ ಹಿತ್ತಲಿಗೆ ಕರೆದೊಯ್ಯೆಂದ. ನನ್ನ ಒಳ್ಳೆಯ ಭುಜಕ್ಕೆ ಒರಗಿಸಿ ನಡೆಸಿದೆ. ಕಮಾನಿನ ಹತ್ತಿರ ಬಂದು ಎರಡೂ ಕೈಯಿಂದ ಅದನ್ನು ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಂತ. ಈಗ ಹೇಳುತ್ತಾನೆ ಎಂದು ನಾನು ಕಾಯ್ದೆ. ಒಂದು ಮಾತು ಸಾಕಿತ್ತು. ಇಷ್ಟೆಲ್ಲ ಆದ ಮೇಲೂ ನಾನು ಅವನನ್ನು ಪೂರ್ತಿ ದ್ವೇಷಿಸಲಾರದೆ ಹೋಗಿದ್ದೆ. ಆ ಒಂದು ಮಾತು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು.

"ಗಟ್ಟಿ ಐತಿ," ಎಂದ. ಅಷ್ಟೇ. ಮತ್ತೆ ಒಳಗೆ ಕರೆದೊಯ್ಯೆಂದ.

ಮೊನ್ನೆ ಊಟವಾದ ಮೇಲೆ ಅಕ್ಕನ ಮಗನನ್ನು ಕೂರಿಸಿಕೊಂಡು ಇದಿಷ್ಟನ್ನೂ ಹೇಳಿದೆ. ಅವನ ಅಪ್ಪ ಅವನಿಗೆ ಒಳ್ಳೆಯ ಅಪ್ಪನೇ ಆಗಿದ್ದ. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣದಾಯಿತು. ಗುಜರಿಯ ಮಾತನ್ನು ಮತ್ತೆ ಎತ್ತಲಿಲ್ಲ. ಆ ಫಿಟ್ಟರ್ ಇದ್ದಾನೋ ಇಲ್ಲವೋ, ಅವನ ಮಕ್ಕಳು ಎಲ್ಲಿದ್ದಾರೋ. ಕಬ್ಬಿಣ ಮುರಿಯಲಿಲ್ಲ, ಇಷ್ಟನ್ನು ಅವರು ಎಲ್ಲಿದ್ದರೂ ಓದಲಿ ಎಂದು ಇಲ್ಲಿ ಬರೆದಿದ್ದೇನೆ. ಭಾವ ಹೋದ, ಅಕ್ಕ ಹೋದಳು. ಭಾವನಿಗಿಂತ ಮೊದಲೇ ನನ್ನೊಳಗಿನ ಭಾವ ಹೋಗಿದ್ದ. ಆ ನಷ್ಟ ದೊಡ್ಡದು.

ಹೊರಡುವ ಹೊತ್ತಿಗೆ ಹಿತ್ತಲಿನಿಂದ ಕೂಗು ಕೇಳಿತು. ಅಕ್ಕನ ಮೊಮ್ಮಗಳು, ಇನ್ನೂ ಶಾಲೆಗೆ ಹಾಕದ ಕೂಸು, ಅಜ್ಜಿಯ ಹಳೆಯ ಕೆಂಪು ಸೀರೆಯನ್ನು ಕಮಾನಿನ ಮೇಲೆ ಹೊದಿಸಿ ಮನೆ ಮಾಡಿಕೊಂಡಿದ್ದಳು. ಒಳಗೆ ಕೂತು, "ಅಜ್ಜಾ, ಬಾ, ನಮ್ಮನಿ ಒಳಗ ಬಾ," ಎಂದಳು.

ಹೋದೆ. ಆ ಕಬ್ಬಿಣವನ್ನು ನನ್ನಷ್ಟು ಬಲ್ಲವರು ಈಗ ಯಾರೂ ಇಲ್ಲ. ಸ್ವಲ್ಪ ಹೊತ್ತಿನ ಮೊದಲು ಕಣ್ಣಾರೆ ನೋಡಿದ್ದೆ. ಆದರೂ ಬಗ್ಗುವ ಮೊದಲು ಎಡಗೈಯಿಂದ ಸೀರೆಯ ಅಂಚನ್ನು ಎತ್ತಿ, ಒಳಗೆ ಏನಿದೆ ಎಂದು ಮುಟ್ಟಿ ನೋಡಿದೆ.